ಹುಲ್ಲುಹಾಸಿನ ಕೆಳಗೊಂದು ಕೇರಿ

ಉದ್ಯಾನದ ಮೇಲೂ ವಿಮರ್ಶೆ ಬರೀತೀರಾ ಎಂದು ಗೆಳೆಯರು ನಕ್ಕರು. ಬರೆಯುತ್ತೇವೆ. ಕವಿತೆಯ ಮೇಲೆ, ಕಾದಂಬರಿಯ ಮೇಲೆ, ಗುಡಿಯ ಕೆತ್ತನೆಯ ಮೇಲೆ ಪುಟಗಟ್ಟಲೆ ಬರೆದ ನಮ್ಮ ವಿಮರ್ಶಕರು ಉದ್ಯಾನದ ಎದುರಿಗೆ ಬಂದಾಗ ಮಾತ್ರ ಕನ್ನಡಕ ಕಳಚಿ ಜೇಬಿಗಿಟ್ಟು 'ಆಹಾ, ನಿಸರ್ಗ!' ಎಂದುಬಿಡುತ್ತಾರೆ. ನಿಸರ್ಗವನ್ನು ಯಾರೂ ಬರೆದದ್ದಲ್ಲ, ಹಾಗಾಗಿ ಅದನ್ನು ಕೇಳುವುದಕ್ಕೇನೂ ಇಲ್ಲ ಎಂಬುದು ಅವರ ನೆಮ್ಮದಿ. ಆದರೆ ಪಟ್ಟಣದ ನಡುವಿನ ಉದ್ಯಾನ ತಾನಾಗಿ ಬೆಳೆದದ್ದಲ್ಲ. ಅದನ್ನು ಬರೆದವನಿದ್ದಾನೆ, ದುಡ್ಡು ಕೊಟ್ಟವನಿದ್ದಾನೆ, ಅಗೆದವನಿದ್ದಾನೆ, ಗುಡಿಸುವವಳಿದ್ದಾಳೆ. ಇವರೆಲ್ಲರಿಗಿಂತ ಮೊದಲು, ಅಲ್ಲಿಂದ ಎದ್ದು ಹೋದವರಿದ್ದಾರೆ.

ಗುಡಿಸುವವಳು ಎಂದ ಕೂಡಲೆ ನಮಗೆ ಕಾಣುವುದು ನಮ್ಮವ್ವನ ಮುಖ. ಪಟ್ಟಣದ ಒಂದು ಉದ್ಯಾನದಲ್ಲಿ ಗುತ್ತಿಗೆ ಲೆಕ್ಕದಲ್ಲಿ ಆಕೆ ಪೊರಕೆ ಹಿಡಿದು ಒಂಬತ್ತು ವರ್ಷವಾಯಿತು. ಬೆಳಕು ಹರಿಯುವ ಮುಂಚೆ ಹೋಗಿ ತರಗೆಲೆ ಗುಡಿಸಿ ಗುಡ್ಡೆ ಹಾಕುವಷ್ಟರಲ್ಲಿ ವಾಕಿಂಗಿನವರು ಬರುತ್ತಾರೆ. ಒಂದು ದಿನ ಕಲ್ಲುಬೆಂಚಿನ ಮೇಲೆ ಕೂತು ಬುತ್ತಿ ಬಿಚ್ಚಿದ್ದಕ್ಕೆ ಯಾರೋ ಒಬ್ಬರು 'ಏನಮ್ಮಾ, ಇದೇನು ನಿಮ್ಮನೆಯಾ?' ಎಂದರಂತೆ. ಅವತ್ತಿನಿಂದ ಆಕೆ ಉಣ್ಣುವುದು ಪಂಪಿನ ಮನೆಯ ಹಿಂದೆ. 'ಗುಡಿಸಾಕೆ ನಂದು, ಕೂರಾಕೆ ಅವ್ರುದು' ಎಂದು ಒಮ್ಮೆ ನಗುತ್ತಲೇ ಹೇಳಿದಳು. ಉದ್ಯಾನದ ಬಗ್ಗೆ ನಾವು ಕೇಳಿದ ಮೊದಲ ವಿಮರ್ಶೆಯ ಮಾತು ಅದೇ.

ಎರಡನೆಯದನ್ನು ಕಾಲೇಜಿನಲ್ಲಿ ಕೇಳಿದೆವು. ಮೇಷ್ಟ್ರೊಬ್ಬರು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಬಗ್ಗೆ ಪಾಠ ಮಾಡಿದರು. ಅದು ಪ್ರಜಾಪ್ರಭುತ್ವದ ತೋಟ, ಬಡವ ಬಲ್ಲಿದ ಒಂದೇ ಹುಲ್ಲಿನ ಮೇಲೆ ಕೂರುವ ಜಾಗ, ಕಲ್ಲುಕಟ್ಟಡಗಳ ನಡುವೆ ಉಳಿಸಿಕೊಂಡ ಕಾಡು ಎಂದರು. ಒಳ್ಳೆಯ ಮೇಷ್ಟ್ರು, ಮನಸ್ಸಿಟ್ಟು ಹೇಳಿದರು. ನಾವು ಎಲ್ಲವನ್ನೂ ನೋಟ್ಸ್ ಬರಕೊಂಡೆವು. ನ್ಯೂಯಾರ್ಕನ್ನು ನಾವು ಕಂಡವರಲ್ಲ. ನಕ್ಷೆಯಲ್ಲಿ, ಪುಸ್ತಕದಲ್ಲಿ, ಮೊಬೈಲಿನಲ್ಲಿ ಆಕಾಶದಿಂದ ತೆಗೆದ ಚಿತ್ರದಲ್ಲಿ ಕಂಡವರು. ಆದರೂ ಆ ನೋಟ್ಸಿಗೆ ಈಗ ಉತ್ತರ ಬರೆಯಬೇಕೆನಿಸಿದೆ.

ಮೊದಲು ಆ 'ಉಳಿಸಿಕೊಂಡ ಕಾಡು' ಎಂಬ ಮಾತನ್ನೇ ಹಿಡಿಯೋಣ. 843 ಎಕರೆಯ ಆ ಉದ್ಯಾನದಲ್ಲಿ ಉಳಿಸಿಕೊಂಡದ್ದು ಕಡಿಮೆ, ಕಟ್ಟಿದ್ದೇ ಹೆಚ್ಚು. ಅಲ್ಲಿದ್ದದ್ದು ಬಂಡೆ, ಜೌಗು, ತೆಳು ಮಣ್ಣು. 1858ರಲ್ಲಿ ನಡೆದ ಸ್ಪರ್ಧೆಗೆ 33 ನಕ್ಷೆಗಳು ಬಂದವು. ಫ್ರೆಡರಿಕ್ ಲಾ ಓಮ್‌ಸ್ಟೆಡ್ ಮತ್ತು ಕಾಲ್ವರ್ಟ್ ವಾಕ್ಸ್ ಇಬ್ಬರೂ ಸೇರಿ ಬರೆದ 'ಗ್ರೀನ್ಸ್‌ವರ್ಡ್' ನಕ್ಷೆ ಗೆದ್ದಿತು. ಆಮೇಲೆ ಬಂಡೆಗೆ ಮದ್ದಿಟ್ಟು ಸೀಳಿದರು, ಜೌಗಿನ ನೀರನ್ನು ನೆಲದೊಳಗಿನ ಕೊಳವೆಗಳಿಗೆ ಇಳಿಸಿದರು, ಪಕ್ಕದ ನ್ಯೂಜೆರ್ಸಿಯಿಂದ ಮಣ್ಣು ಹೊತ್ತು ತಂದು ಹರಡಿದರು. ಸುಮಾರು 20,000 ಕೂಲಿಗಳು ದುಡಿದರು, 2,70,000ಕ್ಕೂ ಹೆಚ್ಚು ಗಿಡಮರಗಳನ್ನು ನೆಟ್ಟರು ಎಂದು ಅದರ ಚರಿತ್ರೆ ಬರೆದ ರಾಯ್ ರೋಸೆನ್‌ಜ್ವೀಗ್ ಮತ್ತು ಎಲಿಜಬೆತ್ ಬ್ಲ್ಯಾಕ್‌ಮಾರ್ 1992ರ ತಮ್ಮ ಪುಸ್ತಕದಲ್ಲಿ ಲೆಕ್ಕ ಕೊಟ್ಟಿದ್ದಾರೆ. ಕೆರೆಗಳೆಲ್ಲ ತೋಡಿದ ಕೆರೆಗಳು. ಉತ್ತರದ ಕಾಡಿನೊಳಗೆ ಧುಮುಕುವ ಝರಿಯ ನೀರು ಕೂಡ ನಗರದ ಕೊಳಾಯಿಯಿಂದಲೇ ಬರುವುದು; ಕೊಳವೆ ಕಲ್ಲಿನ ಹಿಂದೆ ಅಡಗಿದೆ.

ಕಟ್ಟಿದ್ದು ಎಂದಮಾತ್ರಕ್ಕೆ ನಾವು ಅದನ್ನು ಹಳಿಯುತ್ತಿಲ್ಲ. ಕವಿತೆಯೂ ಕಟ್ಟಿದ್ದೇ. ಇಡೀ ಉದ್ಯಾನ ಒಂದೇ ಕಲಾಕೃತಿಯಾಗಿರಬೇಕೆಂಬುದು ಓಮ್‌ಸ್ಟೆಡ್ ಮತ್ತು ವಾಕ್ಸ್ ಅವರ ಹಟವಾಗಿತ್ತು, ಅದನ್ನು ಅವರು ಸಾಧಿಸಿದರು. ಪಟ್ಟಣದ ಗಾಡಿಗಳು ಉದ್ಯಾನವನ್ನು ಅಡ್ಡ ದಾಟಲು ನಾಲ್ಕು ದಾರಿ ಬೇಕೆಂದು ಸ್ಪರ್ಧೆಯ ಷರತ್ತಿನಲ್ಲೇ ಇತ್ತು. ಇವರು ಆ ನಾಲ್ಕನ್ನೂ ನೆಲಮಟ್ಟದಿಂದ ಕೆಳಗಿಳಿಸಿ, ಮೇಲೆ ಸೇತುವೆ ಹಾಕಿ, ಅಂಚಿಗೆ ಗಿಡ ಬೆಳೆಸಿ, ಗಾಡಿಯ ಸದ್ದೂ ನೆರಳೂ ನಡೆಯುವವನಿಗೆ ತಾಕದಂತೆ ಮಾಡಿದರು. ಮೋಟಾರು ಕಾರು ಹುಟ್ಟುವುದಕ್ಕೆ ಮೊದಲೇ ಹೊಳೆದ ಉಪಾಯ! ಇದು ನಿಜವಾದ ಪ್ರತಿಭೆ. ಅದಕ್ಕೆ ನಾವು ತಲೆಬಾಗುತ್ತೇವೆ. ಆದರೆ ಇದೇ ಕೈಚಳಕ ಇನ್ನೊಂದನ್ನೂ ಕಲಿಸುತ್ತದೆ. ಸೆಂಟ್ರಲ್ ಪಾರ್ಕಿನ ಕಲೆ ಎಂದರೆ ಅಡಗಿಸುವ ಕಲೆ. ದಾರಿ ಅಡಗಿದೆ, ಕೊಳವೆ ಅಡಗಿದೆ, ಕೂಲಿಯ ಬೆವರು ಅಡಗಿದೆ. ಓದುಗನಿಗೆ ಸಿಗುವುದು ಒಂದೂ ಕಾಟಿಲ್ಲದ ಹಸಿರು ಪುಟ. ಕಾಟು ಹೊಡೆದ ಮೊದಲ ಪ್ರತಿ ಎಲ್ಲಿ ಹೋಯಿತು ಎಂದು ಕೇಳಬೇಕಾದವನು ವಿಮರ್ಶಕ.

ಆ ಮೊದಲ ಪ್ರತಿಯಲ್ಲಿ ಒಂದು ಊರಿತ್ತು. ಈಗಿನ ಪಶ್ಚಿಮದ 82ನೇ ಬೀದಿಯಿಂದ 89ನೇ ಬೀದಿಯವರೆಗೆ. ಹೆಸರು ಸೆನೆಕಾ ವಿಲೇಜ್. 1825ರಲ್ಲಿ ಜಾನ್ ವೈಟ್‌ಹೆಡ್ ಎಂಬಾತ ತನ್ನ ಹೊಲವನ್ನು ತುಂಡು ತುಂಡಾಗಿ ಮಾರಲು ನಿಂತಾಗ ಮೊದಲು ಕೊಂಡವನು ಆಂಡ್ರ್ಯೂ ವಿಲಿಯಮ್ಸ್. ಕಪ್ಪು ಜನಾಂಗದ ಹುಡುಗ, ವಯಸ್ಸು 25, ಕಸುಬು ಬೂಟು ಪಾಲಿಷು. 125 ಡಾಲರ್ ಕೊಟ್ಟು ಮೂರು ನಿವೇಶನ ಬರೆಸಿಕೊಂಡ. ನ್ಯೂಯಾರ್ಕ್ ರಾಜ್ಯದಲ್ಲಿ ಗುಲಾಮಗಿರಿ ಪೂರ್ತಿ ತೊಲಗಿದ್ದು 1827ರಲ್ಲಿ. ಅಂದರೆ ಇನ್ನೂ ಗುಲಾಮರಿದ್ದ ನಗರದಲ್ಲಿ ಬೂಟು ಒರೆಸುವವನೊಬ್ಬ ಭೂಮಿಯ ಒಡೆಯನಾದ. ಮೆಟ್ಟು ಹೊಲಿಯುವವರ ಕೇರಿಯಲ್ಲಿ ಹುಟ್ಟಿದ ನಮಗೆ ಈ ಸಂಗತಿ ಓದಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ಅವನ ಹಿಂದೆಯೇ ಇನ್ನಷ್ಟು ಜನ ಬಂದರು. ಆಫ್ರಿಕನ್ ಮೆಥಡಿಸ್ಟ್ ಚರ್ಚೊಂದು ಆರು ನಿವೇಶನ ಕೊಂಡಿತು. ಪಕ್ಕದ ಯಾರ್ಕ್ ಹಿಲ್‌ನಲ್ಲಿದ್ದವರು, ಆ ಜಾಗ ನಗರದ ಕುಡಿಯುವ ನೀರಿನ ಜಲಾಶಯಕ್ಕೆ ಹೋದಾಗ, ಗಂಟುಮೂಟೆ ಕಟ್ಟಿಕೊಂಡು ಇಲ್ಲಿಗೆ ಬಂದರು. ಹಸಿವಿನಿಂದ ಓಡಿಬಂದ ಐರಿಷ್ ಬಡವರೂ ಸೇರಿಕೊಂಡರು. 1855ರ ಹೊತ್ತಿಗೆ ಸುಮಾರು 225 ಜನ. ಮೂರರಲ್ಲಿ ಎರಡು ಪಾಲು ಕಪ್ಪು ಜನ. ಮೂರು ಚರ್ಚು, ಒಂದು ಶಾಲೆ, ಸ್ಮಶಾನ. ಅದರಲ್ಲಿ ಒಂದು ಚರ್ಚಿನಲ್ಲಿ ಕಪ್ಪು ಜನವೂ ಬಿಳಿಯರೂ ಒಟ್ಟಿಗೆ ಕೂರುತ್ತಿದ್ದರು.

ಭೂಮಿ ಎಂದರೆ ಬರೀ ಸೂರಲ್ಲ. 1821ರ ನ್ಯೂಯಾರ್ಕ್ ಸಂವಿಧಾನ ಬಿಳಿಯ ಗಂಡಸರಿಗೆ ಆಸ್ತಿಯ ಷರತ್ತನ್ನು ಸಡಿಲಿಸಿ, ಕಪ್ಪು ಗಂಡಸಿಗೆ ಮಾತ್ರ 250 ಡಾಲರ್ ಆಸ್ತಿ ಇದ್ದರೆ ವೋಟು ಎಂದು ಕಟ್ಟು ಹಾಕಿತ್ತು. ಇಡೀ ನಗರದಲ್ಲಿ ಹಾಗೆ ವೋಟಿದ್ದ ಕಪ್ಪು ಜನ ನೂರರ ಆಸುಪಾಸು. ಅವರಲ್ಲಿ ಹತ್ತು ಮಂದಿ ಈ ಪುಟ್ಟ ಊರಿನವರು. ಹಾಗಾಗಿ ಆ ಊರನ್ನು ಅಳಿಸಿದಾಗ ಗೋಡೆಗಳ ಜೊತೆ ವೋಟುಗಳನ್ನೂ ಅಳಿಸಿದಂತಾಯಿತು.

ಅಳಿಸುವುದಕ್ಕೆ ಮೊದಲು ಹೆಸರು ಬದಲಾಯಿಸಬೇಕು. ಇದು ಎಲ್ಲ ದೇಶದ ಒಡೆಯರಿಗೂ ಗೊತ್ತಿರುವ ವಿದ್ಯೆ. 1853ರಲ್ಲಿ ರಾಜ್ಯದ ಶಾಸನಸಭೆ ಭೂಸ್ವಾಧೀನಕ್ಕೆ ಕಾನೂನು ಮಾಡಿತು. ಆಮೇಲೆ ಪತ್ರಿಕೆಗಳು ಆ ಜಾಗವನ್ನು ಪಾಳುನೆಲ ಎಂದವು, ಅಲ್ಲಿದ್ದವರನ್ನು ಒತ್ತುವರಿದಾರರು, ಗುಡಿಸಲುಕೋರರು, ಹಂದಿ ಸಾಕುವವರು ಎಂದವು. ಅವರ ಕೈಯಲ್ಲಿ ನೋಂದಣಿ ಪತ್ರ ಇತ್ತು, ಅವರು ಕಂದಾಯ ಕಟ್ಟುತ್ತಿದ್ದರು. ಪತ್ರಿಕೆಯ ಭಾಷೆಯಲ್ಲಿ ಅದಕ್ಕೆ ಜಾಗ ಇರಲಿಲ್ಲ. ನಮ್ಮ ಹಳ್ಳಿಯ ಕಡೆ 'ಸರ್ಕಾರಿ ಖರಾಬು' ಎಂಬ ಎರಡು ಪದ ಪಹಣಿಯಲ್ಲಿ ಕೂತರೆ ಸಾಕು, ಮೂರು ತಲೆಮಾರಿನಿಂದ ಉತ್ತವನು ಬೆಳಗಾಗುವುದರೊಳಗೆ ಒತ್ತುವರಿದಾರ ಆಗಿಬಿಡುತ್ತಾನೆ. ಬಗರ್ ಹುಕುಂ ಅರ್ಜಿ ಹಿಡಿದು ತಾಲ್ಲೂಕು ಕಚೇರಿಯ ಜಗಲಿ ಸವೆಸಿದವರಿಗೆ ಈ ಅಲಂಕಾರಶಾಸ್ತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಪಮೆ, ರೂಪಕ ಎಂದು ತಲೆಕೆಡಿಸಿಕೊಳ್ಳುವ ನಮ್ಮ ಕಾವ್ಯಮೀಮಾಂಸೆ 'ಖರಾಬು' ಎಂಬುದು ಯಾವ ಅಲಂಕಾರ ಎಂದು ಇನ್ನೂ ಹೇಳಿಲ್ಲ.

ಒಪ್ಪತಕ್ಕ ಮಾತೂ ಇದೆ. ಪರಿಹಾರ ಕೊಟ್ಟರು. ವಿಲಿಯಮ್ಸನಿಗೆ ಮನೆಗೂ ಮೂರು ನಿವೇಶನಕ್ಕೂ ಸೇರಿ 2,335 ಡಾಲರ್ ಸಿಕ್ಕಿತು. ಅವನು ಕೇಳಿದ್ದು ಇನ್ನೂ ಹೆಚ್ಚು. ಬಾಡಿಗೆಗಿದ್ದವರಿಗೆ ಅದೂ ಇಲ್ಲ. 1857ರ ಅಕ್ಟೋಬರ್ ವೇಳೆಗೆ ಊರು ಖಾಲಿ. ಉದ್ಯಾನದ ಇಡೀ ಜಾಗದಿಂದ ಎದ್ದವರು ಸುಮಾರು 1,600 ಜನ. ದುಡ್ಡು ಕೊಟ್ಟರೆ ಒಂದು ಮನೆ ಸಿಗಬಹುದು. ಚರ್ಚು, ಶಾಲೆ, ಸತ್ತವರ ಗುಂಡಿ, ಅಕ್ಕಪಕ್ಕ, ಇವೆಲ್ಲ ಸೇರಿದ ಒಂದು ಊರು ಸಿಗುವುದಿಲ್ಲ. ಸೆನೆಕಾ ವಿಲೇಜಿನ ಜನ ಮತ್ತೆಲ್ಲೂ ಒಂದು ಊರಾಗಿ ನೆಲೆಸಲಿಲ್ಲ.

1871ರಲ್ಲಿ 85ನೇ ಬೀದಿಯ ಬಾಗಿಲ ಬಳಿ ಮರದ ಬೇರು ಕೀಳುತ್ತಿದ್ದ ಕೂಲಿಗಳಿಗೆ ಶವಪೆಟ್ಟಿಗೆ ಸಿಕ್ಕಿತು. ಇಲ್ಲಿ ಹೆಣ ಹೇಗೆ ಬಂತು ಎಂದು ಪತ್ರಿಕೆಗೆ ಆಶ್ಚರ್ಯವೋ ಆಶ್ಚರ್ಯ. ಊರು ಎದ್ದು ಆಗಿದ್ದದ್ದು 14 ವರ್ಷ ಮಾತ್ರ. 14 ವರ್ಷದಲ್ಲಿ ಒಂದು ಊರಿನ ಸ್ಮಶಾನವನ್ನು ಮರೆಯುವುದು ಸುಮ್ಮನೆ ಆಗುವ ಕೆಲಸವಲ್ಲ. ಅದಕ್ಕೆ ಒಳ್ಳೆಯ ಹುಲ್ಲು ಬೇಕು.

ಓಮ್‌ಸ್ಟೆಡ್ ದುಷ್ಟನಾಗಿದ್ದರೆ ನಮ್ಮ ಕೆಲಸ ಸುಲಭವಾಗುತ್ತಿತ್ತು. ಆತ ದುಷ್ಟನಲ್ಲ. 1850ರ ದಶಕದಲ್ಲಿ ದಕ್ಷಿಣದ ರಾಜ್ಯಗಳನ್ನು ಸುತ್ತಿ, ಗುಲಾಮಗಿರಿ ಎಂಥ ಕೇಡು ಎಂದು ಪತ್ರಿಕೆಗೆ ಬರೆದವನು. ಆ ಬರಹಗಳು 1861ರಲ್ಲಿ 'ದಿ ಕಾಟನ್ ಕಿಂಗ್ಡಮ್' ಎಂಬ ಪುಸ್ತಕವಾಗಿ ಬಂದವು. ಅದೇ ಮನುಷ್ಯ 1857ರ ಸೆಪ್ಟೆಂಬರಿನಲ್ಲಿ, ಊರು ಖಾಲಿಯಾಗುವ ಹೊತ್ತಿಗೆ ಸರಿಯಾಗಿ, ಉದ್ಯಾನದ ಮೇಲ್ವಿಚಾರಕನಾಗಿ ಸೇರಿದ. ಸಾವಿರ ಮೈಲಿ ದೂರದ ಹತ್ತಿ ಹೊಲದ ಗುಲಾಮ ಅವನಿಗೆ ಕಂಡ. ಕಾಲಡಿಯ ಕಪ್ಪು ರೈತ ನಕ್ಷೆಯಲ್ಲಿ ಕಾಣಲಿಲ್ಲ. ನಮ್ಮ ಪ್ರಗತಿಪರ ಸಾಹಿತಿಗಳಲ್ಲಿ ಇಂಥವರನ್ನು ಬೇಕಾದಷ್ಟು ನೋಡಿದ್ದೇವೆ. ವಿಯೆಟ್ನಾಮಿಗೆ ಅತ್ತವರು, ತಮ್ಮ ಮನೆಯ ಹಿತ್ತಲ ಬಾಗಿಲಲ್ಲಿ ನಿಂತವರನ್ನು ನೋಡದವರು. ಇದನ್ನು ಕೊಂಕಿಗೆ ಹೇಳುತ್ತಿಲ್ಲ. ಕಣ್ಣಿಗೂ ಒಂದು ರಾಜಕೀಯ ಇರುತ್ತದೆ, ಒಳ್ಳೆಯವರ ಕಣ್ಣಿಗೂ.

ಇನ್ನು 'ಬಡವ ಬಲ್ಲಿದ ಒಂದೇ ಹುಲ್ಲಿನ ಮೇಲೆ' ಎಂಬ ಮಾತು. ಮೊದಲ ಹತ್ತು ವರ್ಷ ಆ ಉದ್ಯಾನಕ್ಕೆ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಾರೋಟಿನಲ್ಲಿ ಬಂದವರು. ಸಾರೋಟು ಇಟ್ಟುಕೊಳ್ಳುವ ತಾಕತ್ತು ನಗರದ ನೂರಕ್ಕೆ ಐದು ಜನಕ್ಕೂ ಇರಲಿಲ್ಲ. ಗುಂಪಾಗಿ ಬುತ್ತಿ ತಂದು ಉಣ್ಣುವಂತಿಲ್ಲ. ಸಣ್ಣ ವ್ಯಾಪಾರಿ ತನ್ನ ಸರಕಿನ ಗಾಡಿಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಒಳಗೆ ಬರುವಂತಿಲ್ಲ. ಹುಡುಗರು ಚೆಂಡಾಡಬೇಕಾದರೆ ಶಾಲೆಯ ಹೆಡ್‌ಮಾಸ್ತರರ ಚೀಟಿ ತರಬೇಕು. ಶಾಲೆಗೆ ಹೋಗದೆ ಕೂಲಿಗೆ ಹೋಗುವ ಹುಡುಗ ಯಾರ ಚೀಟಿ ತರಬೇಕಿತ್ತು? ಕೂಲಿಕಾರನಿಗೆ ವಾರಕ್ಕೆ ಸಿಗುವ ರಜೆ ಭಾನುವಾರ ಒಂದೇ. ಆ ಭಾನುವಾರ ಉದ್ಯಾನದಲ್ಲಿ ವಾದ್ಯಗೋಷ್ಠಿ ಶುರುವಾದದ್ದು 1884ರಲ್ಲಿ, ಜನ ಕೇಳಿ ಕೇಳಿ ಸಾಕಾದ ಮೇಲೆ. ಕಲಾಕೃತಿಗೆ ತಕ್ಕ ಓದುಗ ಬೇಕೆಂದು ಕಲಾವಿದ ಹಟ ಹಿಡಿದರೆ ಓದುಗನಿಗೆ ನೀತಿಪಾಠ ಶುರುವಾಗುತ್ತದೆ. ನಮ್ಮ ಕಾವ್ಯಕ್ಕೆ 'ಸಹೃದಯ' ಬೇಕೆಂದವರೂ ಇದನ್ನೇ ಮಾಡಿದರು.

ಈ ಜಾಗದಲ್ಲಿ ನಮಗೆ ಬಾಬಾಸಾಹೇಬರು ನೆನಪಾಗುತ್ತಾರೆ. ಎಲ್ಲಿಂದೆಲ್ಲಿಗೋ ಎಳೆದು ತರುತ್ತಿದ್ದೇವೆ ಎಂದುಕೊಳ್ಳಬೇಡಿ. ಅಂಬೇಡ್ಕರ್ 1913ರಲ್ಲಿ ಓದಲು ಹೋದದ್ದು ಅದೇ ನಗರದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ. ಅಲ್ಲಿಂದ ಸೆಂಟ್ರಲ್ ಪಾರ್ಕಿನ ವಾಯವ್ಯ ಮೂಲೆಗೆ ಒಂದು ಮೈಲಿಗೂ ಕಡಿಮೆ. 1916ರವರೆಗೆ ಆ ಊರಿನಲ್ಲಿದ್ದು ಹಿಂತಿರುಗಿದವರು ಮುಂದೆ 'ಸಾರ್ವಜನಿಕ' ಎಂಬ ಪದವನ್ನು ಹಿಡಿದು ಅಲ್ಲಾಡಿಸಿದರು. ಸಾರ್ವಜನಿಕ ಹಣದಿಂದ ನಡೆಯುವ ಕೆರೆ, ಬಾವಿ, ಶಾಲೆ ಎಲ್ಲರಿಗೂ ತೆರೆದಿರಬೇಕೆಂದು ಮುಂಬಯಿ ಶಾಸನಸಭೆ 1923ರಲ್ಲೇ ನಿರ್ಣಯ ಮಾಡಿತ್ತು. ಮಹಾಡದ ಪುರಸಭೆ 1924ರಲ್ಲಿ ಚವದಾರ ಕೆರೆ ಎಲ್ಲರಿಗೂ ಸೇರಿದ್ದು ಎಂದಿತ್ತು. ಕಾಗದದ ಮೇಲೆ ಎಲ್ಲ ಸರಿ. ಆದರೂ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದುಹೋಗಿ ಬೊಗಸೆಯಲ್ಲಿ ಎತ್ತಿ ಕುಡಿಯುವವರೆಗೆ ಆ ನೀರು ಸಾರ್ವಜನಿಕ ಆಗಿರಲಿಲ್ಲ. ಕುಡಿದ ಮೇಲೆ ಸವರ್ಣೀಯರು ಕೆರೆಗೆ ಪಂಚಗವ್ಯ ಸುರಿದು ಶುದ್ಧಿ ಮಾಡಿದರು. ಅದನ್ನೂ ಅವರು ಕೆರೆಯ ನಿರ್ವಹಣೆ ಎಂದೇ ತಿಳಿದಿದ್ದರು.

ನಿರ್ವಹಣೆ ಎಂಬುದು ಕಟ್ಟಿದ ಮೇಲಿನ ಸಣ್ಣಪುಟ್ಟ ಕೆಲಸವಲ್ಲ. ಉದ್ಯಾನ ಪುಸ್ತಕದ ಹಾಗೆ ಒಮ್ಮೆ ಅಚ್ಚಾದರೆ ಮುಗಿಯುವುದಿಲ್ಲ. ದಿನಾ ಬೆಳಗ್ಗೆ ಮತ್ತೆ ಬರೆಯಬೇಕು. ಒಂದು ವರ್ಷ ಬಿಟ್ಟರೆ ಕಳೆ, ಹತ್ತು ವರ್ಷ ಬಿಟ್ಟರೆ ಕಾಡಲ್ಲ, ತಿಪ್ಪೆ. ಸೆಂಟ್ರಲ್ ಪಾರ್ಕ್ 1970ರ ದಶಕದಲ್ಲಿ ಹಾಗೇ ಆಯಿತು. ನಗರದ ಬೊಕ್ಕಸ ಬರಿದಾಗಿ, ಹುಲ್ಲು ಸತ್ತು ಧೂಳೆದ್ದು, ಬೆಂಚು ಮುರಿದು ಬಿದ್ದವು. 1980ರಲ್ಲಿ ಉಳ್ಳವರು ಸೇರಿ ಸೆಂಟ್ರಲ್ ಪಾರ್ಕ್ ಕನ್ಸರ್ವೆನ್ಸಿ ಎಂಬ ಸಂಸ್ಥೆ ಕಟ್ಟಿದರು. 1998ರಲ್ಲಿ ನಗರಾಡಳಿತ ಒಪ್ಪಂದ ಬರೆದು ನಿರ್ವಹಣೆಯನ್ನು ಅದಕ್ಕೇ ಒಪ್ಪಿಸಿತು. ಅವರು ಉದ್ಯಾನವನ್ನು 49 ವಲಯಗಳಾಗಿ ಹಂಚಿ ಒಂದೊಂದಕ್ಕೂ ಒಬ್ಬೊಬ್ಬ ಮಾಲಿಯನ್ನು ಹೊಣೆ ಮಾಡಿದರು. ಇಂಥ ಹುಲ್ಲು ಇಂಥವರದು ಎಂದು ಹೇಳಬಹುದು. ಇದು ನಮಗೆ ಬಹಳ ಹಿಡಿಸಿತು. ನಮ್ಮವ್ವ ಒಂಬತ್ತು ವರ್ಷದಿಂದ ಗುಡಿಸುವ ಉದ್ಯಾನದಲ್ಲಿ ಆಕೆಯ ಹೆಸರು ಇರುವುದು ಮೇಸ್ತ್ರಿಯ ಹಾಜರಿ ಪುಸ್ತಕದಲ್ಲಿ ಮಾತ್ರ. ಗುತ್ತಿಗೆ ಬದಲಾದರೆ ಆ ಪುಸ್ತಕವೂ ಬದಲು.

ಆದರೆ ದುಡ್ಡು ಕೊಟ್ಟವನ ಕೈ ಉದ್ಯಾನದ ಮೇಲೆ ಇದ್ದೇ ಇರುತ್ತದೆ. 2012ರಲ್ಲಿ ಒಬ್ಬ ಹೂಡಿಕೆದಾರ ಈ ಒಂದೇ ಉದ್ಯಾನಕ್ಕೆ 10 ಕೋಟಿ ಡಾಲರ್ ಕೊಟ್ಟ. ಸುತ್ತಲಿನ ಮನೆಗಳ ಬೆಲೆ ಆಕಾಶದಲ್ಲಿದೆ. ಶ್ರೀಮಂತರು ತಮ್ಮ ಕಿಟಕಿಯ ಹೊರಗಿನ ನೋಟಕ್ಕೆ ಕಾಸು ಕೊಟ್ಟರು ಎಂದರೆ ತಪ್ಪಾಗಲಿಕ್ಕಿಲ್ಲ. ಬಡವರ ಬೀದಿಯ ಉದ್ಯಾನಗಳಿಗೆ ಅಂಥ ಕಿಟಕಿಗಳಿಲ್ಲ. 1982ರ ಜೂನ್ 12ರಂದು ಅಣ್ವಸ್ತ್ರಗಳ ವಿರುದ್ಧ ಸುಮಾರು ಹತ್ತು ಲಕ್ಷ ಜನ ಆ ಉದ್ಯಾನದಲ್ಲಿ ಸೇರಿದ್ದರು. 2004ರಲ್ಲಿ ಇರಾಕ್ ಯುದ್ಧದ ವಿರುದ್ಧ ಅಲ್ಲೇ ಸೇರುತ್ತೇವೆಂದು ಕೇಳಿದವರಿಗೆ ನಗರಾಡಳಿತ ಅನುಮತಿ ಕೊಡಲಿಲ್ಲ. ಹುಲ್ಲು ಹಾಳಾಗುತ್ತದೆ ಎಂದಿತು! ನಗಬೇಡಿ. ನಮ್ಮ ಬೆಂಗಳೂರಿನಲ್ಲೂ ಧರಣಿ ಕೂರಬೇಕಾದರೆ ಫ್ರೀಡಂ ಪಾರ್ಕಿಗೆ ಹೋಗಿ ಎಂದು 2021ರಲ್ಲಿ ಆದೇಶವಾಗಿದೆ. ಆ ಪಾರ್ಕ್ ಇರುವುದು ಹಳೆಯ ಸೆಂಟ್ರಲ್ ಜೈಲಿನ ಜಾಗದಲ್ಲಿ. 1870ರಲ್ಲಿ ಸ್ಯಾಂಕಿ ಮಾಡಿದ ಕಬ್ಬನ್ ಪಾರ್ಕಿನ ಹುಲ್ಲು ವಾಕಿಂಗಿನವರಿಗೆ, ಜೈಲಿನ ಅಂಗಳ ನಮಗೆ.

1989ರಲ್ಲಿ ಸೆಂಟ್ರಲ್ ಪಾರ್ಕಿನಲ್ಲಿ ಓಡುತ್ತಿದ್ದ ಹೆಣ್ಣುಮಗಳೊಬ್ಬಳ ಮೇಲೆ ಘೋರ ಅತ್ಯಾಚಾರ ನಡೆಯಿತು. 14ರಿಂದ 16 ವಯಸ್ಸಿನ ಐವರು ಹುಡುಗರನ್ನು, ಕಪ್ಪು ಮತ್ತು ಲ್ಯಾಟಿನೋ ಹುಡುಗರನ್ನು, ಹಿಡಿದು ತಪ್ಪೊಪ್ಪಿಸಿ ಜೈಲಿಗೆ ಹಾಕಿದರು. ನಿಜವಾದ ಅಪರಾಧಿ ಬೇರೆಯವನೆಂದು ಗೊತ್ತಾಗಿ 2002ರಲ್ಲಿ ಶಿಕ್ಷೆ ರದ್ದಾಯಿತು, ಹುಡುಗರು ಗಂಡಸರಾಗಿದ್ದರು. 2022ರಲ್ಲಿ ಉದ್ಯಾನದ ಉತ್ತರದ ಒಂದು ಬಾಗಿಲಿಗೆ 'ನಿರ್ದೋಷಿಗಳ ಬಾಗಿಲು' ಎಂಬ ಅರ್ಥದ ಹೆಸರಿಟ್ಟಿದ್ದಾರೆ. ಬಾಗಿಲಿಗೆ ಹೆಸರು ಬಂತು, ಆಗಲಿ. ರಾತ್ರಿ ಆ ಬಾಗಿಲಿನಿಂದ ಒಳಗೆ ಹೋಗುವ ಕಪ್ಪು ಹುಡುಗನನ್ನು ಬೆಂಚಿನ ಮೇಲಿದ್ದವರು ಹೇಗೆ ನೋಡುತ್ತಾರೆ ಎಂಬುದು ಹೆಸರಿನ ಹಲಗೆಯಿಂದ ತೀರ್ಮಾನವಾಗುವುದಿಲ್ಲ.

ಹಾಗಾದರೆ ಉದ್ಯಾನವೇ ಬೇಡವೇ ಎಂದು ಕೇಳುತ್ತೀರಿ. ಬೇಕು. ಒಂದು ಕೋಣೆಯಲ್ಲಿ ಏಳು ಜನ ಮಲಗುವವರಿಗೆ ಬೇಕಾದಷ್ಟು ಮರ ಇನ್ಯಾರಿಗೂ ಬೇಡ. ಆ ಉದ್ಯಾನ ಕೂಡ ಅಂದುಕೊಂಡಂತೆ ಸಾರೋಟಿನವರದಾಗಿ ಉಳಿಯಲಿಲ್ಲ. ಜನ ನುಗ್ಗಿ ನುಗ್ಗಿ, ಉಂಡು, ಹಾಡಿ, ಚೆಂಡಾಡಿ ಅದನ್ನು ತಮ್ಮದು ಮಾಡಿಕೊಂಡರು. 1930ರ ದಶಕದ ಮೊದಲಲ್ಲಿ ಕೆಲಸ ಕಳೆದುಕೊಂಡವರು ಖಾಲಿಯಾದ ಆ ಹಳೆಯ ಜಲಾಶಯದ ತಳದಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಯಾರ್ಕ್ ಹಿಲ್‌ನವರನ್ನು ಎಬ್ಬಿಸಿ ಕಟ್ಟಿದ್ದ ಜಲಾಶಯ ಅದು. ಮತ್ತೆ ಅವರನ್ನೂ ಎಬ್ಬಿಸಿದರು. ಈಗ ಅಲ್ಲಿ 'ಗ್ರೇಟ್ ಲಾನ್' ಎಂಬ ದೊಡ್ಡ ಹುಲ್ಲುಹಾಸು ಇದೆ. 2004ರಲ್ಲಿ ಹಾಳಾಗಬಾರದು ಎಂದದ್ದು ಇದೇ ಹುಲ್ಲು. ಒಂದೇ ನೆಲ, ಒಂದರ ಮೇಲೊಂದು ಎಷ್ಟು ಸಲ ಬರೆದದ್ದು ನೋಡಿ.

ಇಷ್ಟೆಲ್ಲ ಹೊರಗೆ ಬಂದದ್ದು ಯಾರೋ ಅಗೆದದ್ದರಿಂದ. ಮೇಲೆ ಹೇಳಿದ ಪುಸ್ತಕ ಮೊದಲ ಗುದ್ದಲಿ. 2001ರಲ್ಲಿ ಅಲ್ಲೊಂದು ಫಲಕ ನಿಂತಿತು. 2011ರ ಬೇಸಿಗೆಯಲ್ಲಿ ಪ್ರಾಕ್ತನಶಾಸ್ತ್ರಜ್ಞರು, ಅವರಲ್ಲಿ ಬಾಬಾಸಾಹೇಬರು ಓದಿದ ಕೊಲಂಬಿಯಾದವರೂ ಇದ್ದರು, ಹುಲ್ಲು ಬಿಡಿಸಿ ನಿಜವಾಗಿಯೇ ಅಗೆದರು. ಒಂದು ಮನೆಯ ತಳಪಾಯ ಸಿಕ್ಕಿತು. ಕಬ್ಬಿಣದ ಚಹಾ ಕೆಟಲು, ಪಿಂಗಾಣಿ ಚೂರುಗಳು, ಮಗುವಿನ ಚರ್ಮದ ಬೂಟು ಸಿಕ್ಕವು. ಪಾಳುನೆಲ ಎಂದಿದ್ದರಲ್ಲ, ಅದರೊಳಗೆ.

ಆ ಬೂಟಿನ ಸಂಗತಿಯನ್ನು ಅವ್ವನಿಗೆ ಹೇಳಿದೆವು. ನಮ್ಮ ತಾತ ಮೆಟ್ಟು ಹೊಲಿಯುವಾಗ ದಾರಕ್ಕೆ ಮೇಣ ಹಚ್ಚಿಕೊಡುತ್ತಿದ್ದವಳು ಆಕೆ. ಸ್ವಲ್ಪ ಹೊತ್ತು ಸುಮ್ಮನಿದ್ದು 'ಆ ಮನೆ ಯಾರ್ದಂತೆ?' ಎಂದು ಕೇಳಿದಳು. ವಿಲ್ಸನ್ ಅಂತ, ಅಲ್ಲಿದ್ದ ಚರ್ಚನ್ನು ನೋಡಿಕೊಳ್ಳುವ ಕೆಲಸ ಅವನದು, ಗುಡಿಸೋದು, ಗಂಟೆ ಹೊಡೆಯೋದು ಎಂದೆವು.

'ಗುಡಿಸೋನಾ? ಅಂಗಾದ್ರೆ ನಮ್ಮೋನೇ ಕಣಪ್ಪ' ಎಂದಳು.